ಸೇತುವೆ ಕಾಣದ ಚಿತ್ರ

ಟೋಕಿಯೋದ ನೆಜು ಮ್ಯೂಸಿಯಂನಲ್ಲಿ ಆರಾರು ಮಡಿಕೆಗಳ ಒಂದು ಜೋಡಿ ಪರದೆಗಳಿವೆ. ಚಿನ್ನದ ರೇಕು ಹಚ್ಚಿದ ಹಿನ್ನೆಲೆ, ಅದರ ಮೇಲೆ ನೀಲಿ ಐರಿಸ್ ಹೂಗಳು, ಹಸಿರು ಎಲೆಗಳು, ಅಷ್ಟೇ. ನೀರಿಲ್ಲ, ದಡವಿಲ್ಲ, ಮನುಷ್ಯರಿಲ್ಲ. 18ನೇ ಶತಮಾನದ ಆರಂಭದಲ್ಲಿ ಕ್ಯೋಟೋದ ಒಗಾತಾ ಕೋರಿನ್ (1658–1716) ಬರೆದ ಈ ಚಿತ್ರ ನಮಗೆ ಬರೀ ಅಲಂಕಾರವಾಗಿ ಕಂಡರೆ ಆಶ್ಚರ್ಯವಿಲ್ಲ. ಅಂದಿನ ಓದು ಬಲ್ಲ ಜಪಾನೀಯರಿಗೆ ಮಾತ್ರ ಅದೊಂದು ವಿರಹದ ಕಥೆ.

ಹೇಯಾನ್ ಕಾಲದ ‘ಇಸೆ ಮೊನೊಗತಾರಿ’ಯಲ್ಲಿ ರಾಜಧಾನಿ ತೊರೆದು ಪೂರ್ವಕ್ಕೆ ಹೊರಟವನೊಬ್ಬ ಬರುತ್ತಾನೆ. ಯಾತ್ಸುಹಾಶಿ, ಎಂದರೆ ಎಂಟು ಸೇತುವೆಗಳ ಜಾಗ. ಅಲ್ಲಿ ಜೊತೆಗಾರರೊಡನೆ ಒಣ ಅನ್ನದ ಬುತ್ತಿ ಬಿಚ್ಚಿ ಕೂತಾಗ ಐರಿಸ್ ಅರಳಿರುವುದು ಕಾಣುತ್ತದೆ. ಜಪಾನಿಯಲ್ಲಿ ಅದರ ಹೆಸರು ‘ಕಾಕಿತ್ಸುಬಾತಾ’. ಆ ಐದು ಅಕ್ಷರಗಳನ್ನು ಐದು ಸಾಲುಗಳ ಮೊದಲಿಗಿಟ್ಟು ಪದ್ಯ ಕಟ್ಟೆಂದು ಒಬ್ಬ ಕೇಳುತ್ತಾನೆ. ಇವನು ಊರಲ್ಲಿ ಬಿಟ್ಟು ಬಂದ ಹೆಂಡತಿಯನ್ನು ನೆನೆದು ಕಟ್ಟುತ್ತಾನೆ. ಎಲ್ಲರೂ ಅತ್ತ ಕಣ್ಣೀರಿಗೆ ಒಣ ಅನ್ನ ನೆನೆದು ಉಬ್ಬಿತಂತೆ.

ಕೋರಿನ್ ಕಿಮೊನೊ ಬಟ್ಟೆಯ ವ್ಯಾಪಾರಿಗಳ ಮನೆಯವನು. ಪರದೆಯಲ್ಲಿ ಒಂದೇ ಹೂಗೊಂಚಲು ಮತ್ತೆ ಮತ್ತೆ ಬರುವುದರಲ್ಲಿ ಬಟ್ಟೆಗೆ ಅಚ್ಚು ಹಾಕುವವರ ಕಣ್ಣಿದೆ. ಅವನೇ ಮಾಡಿದ ಅರಗಿನ ಬರವಣಿಗೆ ಪೆಟ್ಟಿಗೆಯಲ್ಲಿ ಹೂವಿನ ಜೊತೆ ಸೇತುವೆಯೂ ಇದೆ; ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಇನ್ನೊಂದು ಜೋಡಿ ಪರದೆಯಲ್ಲೂ ಇದೆ. ನೆಜು ಪರದೆಯಲ್ಲಿ ಅದನ್ನೂ ಬಿಟ್ಟಿದ್ದಾನೆ. ಹೂವೊಂದೇ ಸಾಕು, ಉಳಿದದ್ದನ್ನು ನೋಡುವವನ ನೆನಪು ತುಂಬಿಕೊಳ್ಳುತ್ತದೆ.

ಜಪಾನಿನ ಅಲಂಕಾರ ಕಲೆಯಲ್ಲಿ ಗಿಡಮರಗಳ ಅರ್ಥ ನಿಂತಿರುವುದು ಹೀಗೆ ಹಂಚಿಕೊಂಡ ನೆನಪಿನ ಮೇಲೆ. ಹಿಮದಲ್ಲೂ ಹಸಿರು ಬಿಡದ ಪೈನ್, ಬಾಗಿದರೂ ಮುರಿಯದ ಬಿದಿರು, ಚಳಿ ಮುಗಿಯುವ ಮೊದಲೇ ಅರಳುವ ಉಮೆ ಸೇರಿ ಮಂಗಳದ ಗುರುತಾದದ್ದೂ ಹೀಗೆಯೇ. ಆ ಮೂರರ ಜೊತೆಗಾರಿಕೆ ಚೀನಾದಿಂದ ಬಂದದ್ದು.

ಆದರೆ ನೆನಪನ್ನು ಬೇರೆಯವರು ತಿದ್ದಲೂಬಹುದು. ಬೇಗ ಉದುರುವ ಸಕುರಾ ಶತಮಾನಗಳ ಕಾಲ ಬದುಕಿನ ಕ್ಷಣಿಕತೆಯನ್ನು ನೆನಪಿಸುತ್ತಿತ್ತು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಅದೇ ಹೂವನ್ನು ಆತ್ಮಾಹುತಿ ವಿಮಾನಗಳ ಮೈಮೇಲೆ ಬರೆದರು. ಉದುರುವುದನ್ನು ನೋಡಿ ಮರುಗುತ್ತಿದ್ದ ನಾಡಿನ ಹುಡುಗರಿಗೆ ಉದುರುವುದೇ ಕರ್ತವ್ಯವೆಂದು ಹೇಳಲಾಯಿತು. ಹೂವು ಬದಲಾಗಿರಲಿಲ್ಲ, ಅದರ ಪಕ್ಕದಲ್ಲಿದ್ದ ಕಥೆ ಬದಲಾಗಿತ್ತು.

ಕೋರಿನ್‌ನ ಪರದೆಗಳನ್ನು ಮ್ಯೂಸಿಯಂನವರು ಸಾಮಾನ್ಯವಾಗಿ ವಸಂತದಲ್ಲಿ, ತಮ್ಮ ತೋಟದ ಐರಿಸ್ ಅರಳುವ ಹೊತ್ತಿಗೆ ಹೊರಗಿಡುತ್ತಾರೆ. ಅಲ್ಲಿ ನಿಂತವರು ಕಾಣದ ಆ ಸೇತುವೆಯನ್ನೂ ಒಮ್ಮೆ ನೆನೆಯಬೇಕು.