ಪ್ರಾದೇಶಿಕ ಮಾನವ ಹಕ್ಕುಗಳ ನ್ಯಾಯಾಲಯಗಳು ಮತ್ತು ಉತ್ತರ ಕನ್ನಡ ಕರಾವಳಿ

ಒಂದು ಭೂಭಾಗದ ಹಲವು ದೇಶಗಳು ಒಪ್ಪಂದ ಮಾಡಿಕೊಂಡು, ತಮ್ಮ ತಮ್ಮ ಸರ್ಕಾರಗಳ ಮೇಲಿನ ಹಕ್ಕು ಉಲ್ಲಂಘನೆಯ ದೂರುಗಳನ್ನು ವಿಚಾರಿಸಲು ಸ್ಥಾಪಿಸಿಕೊಂಡ ನ್ಯಾಯಪೀಠಕ್ಕೆ ಪ್ರಾದೇಶಿಕ ಮಾನವ ಹಕ್ಕುಗಳ ನ್ಯಾಯಾಲಯ ಎನ್ನುತ್ತಾರೆ. ಯುರೋಪು, ಅಮೆರಿಕ ಖಂಡಗಳು ಮತ್ತು ಆಫ್ರಿಕದಲ್ಲಿ ಇಂಥವು ಕೆಲಸ ಮಾಡುತ್ತಿವೆ. ಏಷ್ಯಾಕ್ಕೆ ಅಂಥದೊಂದು ಇಲ್ಲ. ಹಾಗಾಗಿ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾದ ಕಕ್ಷಿದಾರರಿಗೆ ದಿಲ್ಲಿಯ ಸುಪ್ರೀಂ ಕೋರ್ಟೇ ಕೊನೆಯ ಬಾಗಿಲು.

ಹಾಗೆಂದು ಹೊರದೇಶದ ನ್ಯಾಯಪೀಠ ಈ ಕರಾವಳಿಗೆ ಹೊಸದೇನಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಕರಾವಳಿ ಸೇರಿದ್ದ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1862ರಲ್ಲಿ ಅದರ ಉತ್ತರ ಭಾಗವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಮುಂಬಯಿ ಹೈಕೋರ್ಟು ಶುರುವಾದದ್ದೂ ಅದೇ ವರ್ಷ. 1855ರಲ್ಲಿ ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರ್ 1901ರಲ್ಲಿ ಆ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಅಲ್ಲಿಯೂ ಸೋತವರು, ಕೈಯಲ್ಲಿ ಹಣವಿದ್ದರೆ, ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋಗಬಹುದಿತ್ತು. 1949ರಲ್ಲಿ ಆ ದಾರಿ ಮುಚ್ಚಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಮೇಲ್ಮನವಿಗಳು ಬೆಂಗಳೂರಿಗೆ ತಿರುಗಿದವು. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಈಗ ಕುಮಟಾದವರು ರಿಟ್ ಅರ್ಜಿ ಹಾಕಬೇಕೆಂದರೆ ಘಟ್ಟ ಹತ್ತಿದರೆ ಸಾಕು.

ಪ್ರಿವಿ ಕೌನ್ಸಿಲನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಾದೇಶಿಕ ನ್ಯಾಯಾಲಯಗಳನ್ನು ಅಳೆಯುವುದು ಸಾಮಾನ್ಯ. ಅಳತೆ ತಪ್ಪುವುದೂ ಅಲ್ಲೇ. ಪ್ರಿವಿ ಕೌನ್ಸಿಲ್ ಮೇಲ್ಮನವಿಯ ಪೀಠವಾಗಿತ್ತು, ಕೆಳಗಿನ ತೀರ್ಪನ್ನು ತಿರುವಿಹಾಕಬಹುದಿತ್ತು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಆ ಅಧಿಕಾರವಿಲ್ಲ. 1950ರಲ್ಲಿ ರೋಮ್‌ನಲ್ಲಿ ಸಹಿಯಾದ ಒಡಂಬಡಿಕೆಯ ಆಧಾರದಲ್ಲಿ ಅದು 1959ರಲ್ಲಿ ಹುಟ್ಟಿತು. 1998ರಿಂದ ಪೂರ್ಣಾವಧಿಯ ನ್ಯಾಯಾಲಯವಾಗಿ, ಸಾಮಾನ್ಯ ನಾಗರಿಕರು ನೇರವಾಗಿ ಅರ್ಜಿ ಹಾಕುವಂತಾಯಿತು. ರಷ್ಯಾವನ್ನು 2022ರಲ್ಲಿ ಹೊರಹಾಕಿದ ಮೇಲೆ 46 ದೇಶಗಳು ಅದರ ವ್ಯಾಪ್ತಿಯಲ್ಲಿವೆ. ಅದು ಯಾವ ದೇಶದ ಕಾನೂನನ್ನೂ ರದ್ದು ಮಾಡದು. ಹಕ್ಕಿನ ಉಲ್ಲಂಘನೆ ಆಗಿದೆ ಎಂದು ಸಾರುತ್ತದೆ, ಪರಿಹಾರ ಕೊಡಿಸುತ್ತದೆ. ತೀರ್ಪಿಗೆ ಬದ್ಧವಾದ ಸರ್ಕಾರ ಅದನ್ನು ಹೇಗೆ ಜಾರಿ ಮಾಡಬೇಕೆಂದು ತಾನೇ ನಿರ್ಧರಿಸುತ್ತದೆ; ಮಾಡಿತೋ ಇಲ್ಲವೋ ಎಂದು ನೋಡುವುದು ಸದಸ್ಯ ದೇಶಗಳ ಮಂತ್ರಿಗಳ ಸಮಿತಿ.

ಸ್ಟ್ರಾಸ್‌ಬರ್ಗ್‌ಗೆ ಹೋಗುವ ಮುನ್ನ ಸ್ವದೇಶದ ಕೋರ್ಟುಗಳ ಮೆಟ್ಟಿಲನ್ನೆಲ್ಲ ಹತ್ತಿ ಮುಗಿಸಿರಬೇಕು. ಕೊನೆಯ ತೀರ್ಪು ಬಂದ 4 ತಿಂಗಳೊಳಗೆ ಅರ್ಜಿ ಸಲ್ಲಬೇಕು. ಈ ನಿಯಮದ ಭಾರ ನಮ್ಮಲ್ಲಿ ಎಷ್ಟಾದೀತು ಎಂಬುದಕ್ಕೆ ಕುಮಟಾ ತಾಲ್ಲೂಕಿನ ಗೋಕರ್ಣವೇ ಸಾಕ್ಷಿ. ಮಹಾಬಲೇಶ್ವರ ದೇವಸ್ಥಾನವನ್ನು ಸರ್ಕಾರ ರಾಮಚಂದ್ರಾಪುರ ಮಠಕ್ಕೆ ವಹಿಸಿದ್ದು 2008ರಲ್ಲಿ. ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿದ್ದು 2018ರಲ್ಲಿ. ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ನೇತೃತ್ವದಲ್ಲಿ ಮೇಲುಸ್ತುವಾರಿ ಸಮಿತಿ ನೇಮಿಸಿದ್ದು 2021ರಲ್ಲಿ, ಅದೂ ಮಧ್ಯಂತರ ಆದೇಶವಾಗಿ. ಹದಿಮೂರು ವರ್ಷ ಕಳೆದರೂ ಸ್ವದೇಶದ ಮೆಟ್ಟಿಲು ಮುಗಿದಿರಲಿಲ್ಲ.

ರಾಷ್ಟ್ರೀಯ ವ್ಯವಸ್ಥೆ ಎದುರು ನಿಂತಾಗ ಏನಾಗುತ್ತದೆ ಎಂಬುದನ್ನು ಬ್ರಿಟನ್ನಿನ ಹರ್ಸ್ಟ್ ಪ್ರಕರಣ ತೋರಿಸಿತು. ಶಿಕ್ಷೆ ಅನುಭವಿಸುವ ಕೈದಿಗಳಿಗೆಲ್ಲ ಸಾರಾಸಗಟಾಗಿ ಮತ ನಿರಾಕರಿಸುವುದು ತಪ್ಪು ಎಂದು 2005ರಲ್ಲಿ ಸ್ಟ್ರಾಸ್‌ಬರ್ಗ್ ತೀರ್ಪಿತ್ತಿತು. 2011ರಲ್ಲಿ ಬ್ರಿಟನ್ನಿನ ಕಾಮನ್ಸ್ ಸಭೆ 234ಕ್ಕೆ 22 ಮತಗಳಿಂದ ನಿಷೇಧವೇ ಇರಲಿ ಎಂದಿತು. ಕೊನೆಗೆ, ತಾತ್ಕಾಲಿಕವಾಗಿ ಹೊರಬಿಟ್ಟ ಕೈದಿಗಳಿಗೆ ಮತದ ಅವಕಾಶ ಕೊಡುವ ಸಣ್ಣ ಬದಲಾವಣೆಗೆ ಮಂತ್ರಿಗಳ ಸಮಿತಿ ತೃಪ್ತಿಪಟ್ಟು 2018ರಲ್ಲಿ ಕಡತ ಮುಚ್ಚಿತು. ರಾಜಿ ಎನ್ನಿ, ಸೋಲು ಎನ್ನಿ. ನಮ್ಮಲ್ಲಿ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62(5)ನೇ ಕಲಮಿನಂತೆ ಕಾರವಾರದ ಜೈಲಿನಲ್ಲಿರುವ ವಿಚಾರಣಾಧೀನನೂ ಮತ ಹಾಕುವಂತಿಲ್ಲ, ಅವನ ತಪ್ಪು ಇನ್ನೂ ಸಾಬೀತಾಗಿರದಿದ್ದರೂ. 1997ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಆಮೇಲೆ ಕೇಳಲು ಮೇಲೆ ಯಾರೂ ಇರಲಿಲ್ಲ.

ಕೋಸ್ಟರಿಕದ ಸ್ಯಾನ್ ಹೋಸೆಯಲ್ಲಿ 1979ರಿಂದ ಇರುವ ಅಂತರ್-ಅಮೆರಿಕ ನ್ಯಾಯಾಲಯದ ಧೋರಣೆ ಇನ್ನೂ ಬಿಗಿ. ದೇಶದೊಳಗಿನ ನ್ಯಾಯಾಧೀಶರೇ ತಮ್ಮ ಕಾನೂನನ್ನು ಒಡಂಬಡಿಕೆಯ ಒರೆಗೆ ಹಚ್ಚಬೇಕು ಎಂದು ಅದು 2006ರಲ್ಲಿ ಹೇಳಿತು. ತಾಂಜಾನಿಯಾದ ಅರುಶಾದಲ್ಲಿರುವ ಆಫ್ರಿಕದ ನ್ಯಾಯಾಲಯಕ್ಕೆ ನಾಗರಿಕರು ನೇರವಾಗಿ ಹೋಗಬೇಕಾದರೆ ಅವರ ದೇಶ ಪ್ರತ್ಯೇಕ ಒಪ್ಪಿಗೆ ಕೊಟ್ಟಿರಬೇಕು. ನ್ಯಾಯಾಲಯಕ್ಕೆ ನೆಲ ಕೊಟ್ಟ ತಾಂಜಾನಿಯಾವೇ 2019ರಲ್ಲಿ ಆ ಒಪ್ಪಿಗೆಯನ್ನು ಹಿಂತೆಗೆದುಕೊಂಡಿತು.

ದಕ್ಷಿಣ ಏಷ್ಯಾದಲ್ಲಿ ಇಂಥದೊಂದು ಮೊಳೆಯಲಿಲ್ಲ. ದೇಶ-ದೇಶಗಳ ನಡುವಿನ ವಿವಾದದ ವಿಷಯಗಳನ್ನು ಚರ್ಚೆಯಿಂದಲೇ ಹೊರಗಿಟ್ಟು 1985ರಲ್ಲಿ ಸನ್ನದು ಬರೆದುಕೊಂಡ ಸಾರ್ಕ್‌ನಿಂದ ಅದನ್ನು ಬಯಸುವುದೂ ಹೆಚ್ಚಾದೀತು. 1979ರಲ್ಲಿ ಭಾರತ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರಿತು, ಆದರೆ ವ್ಯಕ್ತಿಗಳು ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಡಲು ಬಿಡುವ ಐಚ್ಛಿಕ ಪ್ರೋಟೋಕಾಲನ್ನು ಒಪ್ಪಲಿಲ್ಲ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಕಕ್ಷಿಯಾಗುವುದು ದೇಶಗಳು ಮಾತ್ರ. ಭಟ್ಕಳ ತಾಲ್ಲೂಕಿನ ಶಿರಾಲಿಯಲ್ಲಿ ಮಠವಿರುವ ಚಿತ್ರಾಪುರ ಸಾರಸ್ವತ ಸಮುದಾಯದ ಬೆನಗಲ್ ನರಸಿಂಗ ರಾವ್, ನಮ್ಮ ಸಂವಿಧಾನದ ಮೊದಲ ಕರಡು ಬರೆದವರು, 1952ರಲ್ಲಿ ಅಲ್ಲಿ ನ್ಯಾಯಾಧೀಶರಾದರು. ಶಿರಾಲಿಯ ಬೇಸಾಯಗಾರನ ದೂರು ಮಾತ್ರ ಅಲ್ಲಿಗೆ ಹೋಗಲಾರದು.

ಬಾಗಿಲು ಇಲ್ಲದಿದ್ದರೂ ಹೊರಗಿನ ಮಾನವ ಹಕ್ಕುಗಳ ವಾದ ಇಲ್ಲಿಗೆ ಬಂದೇ ಬಂತು, ತೀರ್ಪುಗಳ ಮೂಲಕ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ 1973ರ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಸಿಕ್ರಿ ಅವರು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ನೆನೆದರು. ಮಂಪರು ಪರೀಕ್ಷೆಯನ್ನು ಒತ್ತಾಯದಿಂದ ಮಾಡಬಾರದೆಂದ 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು ಸ್ಟ್ರಾಸ್‌ಬರ್ಗ್‌ನ ಸಾಂಡರ್ಸ್ ತೀರ್ಪನ್ನು ಚರ್ಚಿಸಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಖಾಸಗಿತನದ ದಾವೆಯ 2017ರ ತೀರ್ಪಿನಲ್ಲೂ ಸ್ಟ್ರಾಸ್‌ಬರ್ಗ್ ತೀರ್ಪುಗಳಿವೆ. ಇವು ಬದ್ಧವಲ್ಲ, ಮನವೊಲಿಸುವಷ್ಟಕ್ಕೆ ಸೀಮಿತ. ಅನುಕೂಲವಾದಾಗ ಉಲ್ಲೇಖಿಸಿ ಬೇಡವಾದಾಗ ಬಿಡಬಹುದು ಎಂಬುದೇ ಈ ಏರ್ಪಾಡಿನ ದೌರ್ಬಲ್ಯ.

ದೇಶದೊಳಗೆ 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ ಮಾನವ ಹಕ್ಕುಗಳ ಆಯೋಗಗಳನ್ನು ತಂದಿತು. ರಾಜ್ಯ ಆಯೋಗ 2007ರಲ್ಲಿ ನ್ಯಾಯಮೂರ್ತಿ ಎಸ್.ಆರ್. ನಾಯಕ್ ಅವರ ಅಧ್ಯಕ್ಷತೆಯಲ್ಲಿ ಕೆಲಸ ಶುರುಮಾಡಿತು. ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ವಿಚಾರಿಸುವಂತಿಲ್ಲ. ವಿಚಾರಿಸಿದರೂ ಶಿಫಾರಸು ಮಾತ್ರ. ಕಾಯ್ದೆಯ 30ನೇ ಕಲಮು ಜಿಲ್ಲೆಗೊಂದು ಸೆಷನ್ಸ್ ಕೋರ್ಟನ್ನು ಮಾನವ ಹಕ್ಕುಗಳ ನ್ಯಾಯಾಲಯವೆಂದು ಗೊತ್ತುಪಡಿಸಲು ಅವಕಾಶ ಕೊಡುತ್ತದೆ. ಅಲ್ಲಿ ವಿಚಾರಿಸಬೇಕಾದ ಅಪರಾಧಗಳು ಯಾವುವು ಎಂದು ಕಾಯ್ದೆ ಹೇಳಲೇ ಇಲ್ಲ.

ಭಟ್ಕಳದ ಮಟ್ಟಿಗೆ ಇನ್ನೊಂದು ಮುಖವಿದೆ. ಇಲ್ಲಿನ ಎಷ್ಟೋ ಮನೆಗಳ ದುಡಿಮೆ ಗಲ್ಫ್ ದೇಶಗಳಲ್ಲಿ. ಅರಬ್ ಲೀಗ್ 2014ರಲ್ಲಿ ಬಹ್ರೇನ್‌ನಲ್ಲಿ ನೆಲೆಗೊಳ್ಳಬೇಕಾದ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ನಿಯಮಾವಳಿ ಅಂಗೀಕರಿಸಿತಾದರೂ ನ್ಯಾಯಾಲಯ ಕೆಲಸ ಆರಂಭಿಸಿಲ್ಲ. ಆ ನಿಯಮಾವಳಿ ಕೂಡ ವ್ಯಕ್ತಿಗಳಿಗೆ ನೇರ ಪ್ರವೇಶ ಕೊಡುವುದಿಲ್ಲ. ಸಂಬಳ ಸಿಗದ, ಪಾಸ್‌ಪೋರ್ಟ್ ಕೊಡದ ತಕರಾರುಗಳು ಆಯಾ ದೇಶದ ಕಾರ್ಮಿಕ ಇಲಾಖೆಗೆ, ಭಾರತದ ರಾಯಭಾರ ಕಚೇರಿಗೆ ಅಥವಾ ವಿದೇಶಾಂಗ ಸಚಿವಾಲಯ 2015ರಲ್ಲಿ ತೆರೆದ ‘ಮದದ್’ ಪೋರ್ಟಲ್‌ಗೆ ಹೋಗುತ್ತವೆ.