ಕಥೆ ಮುಗಿದ ಮೇಲಿನ ಮೌನ

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಮೊಮ್ಮಗಳು ಟೋಲ್ಕಿನ್ನರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕೃತಿಯ ಮೂರನೆಯ ಸಂಪುಟವನ್ನು ಓದಿ ಮುಗಿಸಿದಳು. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಊಟಕ್ಕೆ ಕರೆದರೂ ಏಳಲಿಲ್ಲ. "ಕೊನೆಗೆ ಗೆದ್ದರಲ್ಲ ತಾತ, ಆದರೂ ಯಾಕೆ ಅಳು ಬರುತ್ತೆ?" ಎಂದು ಕೇಳಿದಳು. ಮೂವತ್ತಮೂರು ವರ್ಷ ಇತಿಹಾಸ ಪಾಠ ಹೇಳಿದ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹಿಂದೊಮ್ಮೆ ಓದಿದ್ದ ಕೃತಿಯನ್ನು ಮತ್ತೆ ತೆರೆದೆ. ಅದರ ಚರಿತ್ರೆಯನ್ನೂ ಅರಸಿದೆ.

ಆಕ್ಸ್‌ಫರ್ಡಿನ ಪ್ರಾಧ್ಯಾಪಕರಾಗಿದ್ದ ಟೋಲ್ಕಿನ್ನರು ಈ ಕಥೆಯನ್ನು ಆರಂಭಿಸಿದ್ದು 1937ರ ಡಿಸೆಂಬರಿನಲ್ಲಿ. ಮುಗಿಸುವ ಹೊತ್ತಿಗೆ 1949 ಬಂದಿತ್ತು. ನಡುವೆ ಒಂದು ಮಹಾಯುದ್ಧವೇ ಕಳೆದುಹೋಗಿತ್ತು. ಯುದ್ಧಾನಂತರ ಕಾಗದದ ಬೆಲೆ ಏರಿದ್ದುದರಿಂದ ಪ್ರಕಾಶಕರು ಒಂದೇ ಕಾದಂಬರಿಯನ್ನು ಮೂರು ಸಂಪುಟಗಳಾಗಿ ಹಂಚಿದರು. ಮೊದಲನೆಯದು 1954ರ ಜುಲೈನಲ್ಲಿ, ಎರಡನೆಯದು ಅದೇ ನವೆಂಬರಿನಲ್ಲಿ ಹೊರಬಂದವು. ಎರಡನೆಯ ಸಂಪುಟದ ಕೊನೆಗೆ ನಾಯಕ ಫ್ರೋಡೋ ಶತ್ರುಗಳ ಕೈಗೆ ಸಿಕ್ಕಿರುತ್ತಾನೆ! ಅನುಬಂಧಗಳು ಸಿದ್ಧವಾಗದೆ ಮೂರನೆಯ ಸಂಪುಟ ತಡವಾಯಿತು. 1955ರ ಅಕ್ಟೋಬರ್ 20ರವರೆಗೆ, ಅಂದರೆ ಸುಮಾರು ಹನ್ನೊಂದು ತಿಂಗಳು, ಅಂದಿನ ಓದುಗರು ಕಾಯಬೇಕಾಯಿತು.

ಹಾಗೆ ಕಾದು ಪಡೆದ ಮುಕ್ತಾಯವಾದರೂ ಎಂಥದು? ಉಂಗುರ ನಾಶವಾಗುತ್ತದೆ, ಅರಸನಿಗೆ ಪಟ್ಟಾಭಿಷೇಕವಾಗುತ್ತದೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಫ್ರೋಡೋ ಮನೆಗೆ ಮರಳುತ್ತಾನೆ. ಹಾಳಾಗಿದ್ದ ಊರು ಮತ್ತೆ ಚಿಗುರುತ್ತದೆ. ಅವನ ಗಾಯ ಮಾತ್ರ ಮಾಯುವುದಿಲ್ಲ. ತಾನು ಉಳಿಸಿದ ಊರಿನಲ್ಲಿ ತಾನೇ ಬದುಕಲಾರದೆ ಹಡಗು ಹತ್ತಿ ಹೊರಟುಹೋಗುತ್ತಾನೆ. ಗೆಳೆಯ ಸ್ಯಾಮ್ ಮನೆಗೆ ಹಿಂದಿರುಗುತ್ತಾನೆ. ಸ್ಯಾಮ್ ತನ್ನ ಮಕ್ಕಳೊಡನೆ ಮಾತನಾಡುವ ಉಪಸಂಹಾರವೊಂದನ್ನು ಟೋಲ್ಕಿನ್ನರು ಬರೆದಿದ್ದರೂ ಅದನ್ನು ಕೈಬಿಟ್ಟರು. ಅದು ಅಚ್ಚಾದದ್ದು 1992ರಲ್ಲಿ, ಅವರು ತೀರಿಕೊಂಡು ಹತ್ತೊಂಬತ್ತು ವರ್ಷಗಳ ನಂತರ.

ಈ ಮಾಯದ ಗಾಯ ಎಲ್ಲಿಂದ ಬಂದಿತು? 1916ರಲ್ಲಿ ಟೋಲ್ಕಿನ್ನರು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಯುವ ಸೇನಾಧಿಕಾರಿಯಾಗಿದ್ದರು. ಹೇನುಗಳಿಂದ ಹರಡುವ ಕಂದಕಜ್ವರ ತಗುಲಿ ಆ ನವೆಂಬರಿನಲ್ಲಿ ಇಂಗ್ಲೆಂಡಿಗೆ ಮರಳಿದರು. 1918ರ ವೇಳೆಗೆ ಒಬ್ಬರನ್ನುಳಿದು ತಮ್ಮ ಆಪ್ತ ಗೆಳೆಯರೆಲ್ಲ ತೀರಿಹೋಗಿದ್ದರೆಂದು ಅವರೇ ಮುಂದೆ ಬರೆದಿದ್ದಾರೆ. ತಮ್ಮ ಕಥೆ ಯಾವ ಯುದ್ಧದ ರೂಪಕವೂ ಅಲ್ಲವೆಂದು ಅವರು ಒತ್ತಿ ಹೇಳಿದ್ದುಂಟು, ಅದನ್ನು ಒಪ್ಪೋಣ. ಆದರೂ ಗೆದ್ದವನ ದಣಿವನ್ನು ಬಲ್ಲವರೇ ಅಂಥ ಮುಕ್ತಾಯವನ್ನು ಬರೆಯಬಲ್ಲರೆಂದು ನನಗನ್ನಿಸುತ್ತದೆ.

ಹೀಗೆನ್ನಲು ನನಗೊಂದು ಕಾರಣವಿದೆ. ನನ್ನ ದೊಡ್ಡಣ್ಣ 1971ರ ಯುದ್ಧದಿಂದ ಮರಳಿದಾಗ ನಾನಿನ್ನೂ ಶಾಲೆಯ ಹುಡುಗ. ಊರವರು ಹಾರ ಹಾಕಿ ಮೆರವಣಿಗೆ ಮಾಡಿದರು. ಮನೆ ಅದೇ, ಗದ್ದೆ ಅದೇ; ಅಣ್ಣ ಮಾತ್ರ ರಾತ್ರಿಯ ಹೊತ್ತು ಜಗಲಿಯಲ್ಲಿ ಒಬ್ಬನೇ ಕುಳಿತಿರುತ್ತಿದ್ದ. ದೀಪಾವಳಿಯ ಪಟಾಕಿ ಸಿಡಿದರೆ ಎದ್ದು ಒಳಗೆ ಹೋಗುತ್ತಿದ್ದ. "ಗೆದ್ದು ಬಂದಿದ್ದೀಯಲ್ಲೋ, ಮತ್ತೇಕೆ ಮಂಕಾಗಿದ್ದೀಯ?" ಎಂದು ಅಮ್ಮ ಕೇಳುತ್ತಿದ್ದಳು. ಅವನು ಉತ್ತರಿಸುತ್ತಿರಲಿಲ್ಲ. ಮುಂದೆ ನಾನು ಮೇಷ್ಟರಾಗಿ, ಡಿಸೆಂಬರ್ 16ರಂದು ಢಾಕಾದಲ್ಲಿ ನಡೆದ ಶರಣಾಗತಿಯನ್ನು ಮಕ್ಕಳಿಗೆ ವರ್ಷ ವರ್ಷವೂ ಕಂಠಪಾಠ ಮಾಡಿಸಿದೆ. ಮನೆಯಲ್ಲೇ ಇದ್ದ ಅಣ್ಣನನ್ನು ಮಾತ್ರ ಒಂದು ದಿನವೂ ಕೇಳಲಿಲ್ಲ. ಈಗ ಅವನಿಲ್ಲ.

ಮೊಮ್ಮಗಳಿಗೆ ಅವಳ ದೊಡ್ಡಜ್ಜನ ಈ ಕಥೆಯನ್ನೇ ಹೇಳಿದೆ. ಗೆದ್ದರೂ ಎಲ್ಲವೂ ಮೊದಲಿನಂತಾಗುವುದಿಲ್ಲ ಮಗೂ, ಅದು ತಿಳಿದದ್ದಕ್ಕೇ ನಿನಗೆ ಅಳು ಬಂದದ್ದು ಎಂದೆ. ಅವಳು ಸ್ವಲ್ಪ ಹೊತ್ತು ಬಿಟ್ಟು, "ಅವರ ಫೋಟೋ ಇದೆಯಾ ತಾತ?" ಎಂದಳು. ಟ್ರಂಕಿನಿಂದ ತೆಗೆದುಕೊಟ್ಟೆ.

ಓದುಗ ಮಿತ್ರರೇ, ನಿಮ್ಮ ಮನೆಯಲ್ಲೂ ಅಂಥ ಹಿರಿಯರಿದ್ದರೆ ಹತ್ತಿರ ಕುಳಿತು ಕೇಳಿ. ನಾನು ಕೇಳದೆ ಉಳಿದೆ.