ಸಾಲುಬಂಡಿಗಳ ಚಲನೆ: ಮಂಡ್ಯ ಸೀಮೆಯ ಇತಿಹಾಸದಿಂದ ಒಂದು ವಿಚಾರ

ಸರಕು ಲಾರಿಗಳು ಪರಸ್ಪರ ಅಲ್ಪ ಅಂತರವನ್ನು ಕಾಯ್ದುಕೊಂಡು, ಮುಂದಿನದರ ವೇಗವನ್ನು ಹಿಂದಿನವು ರೇಡಿಯೊ ಸಂಕೇತದಿಂದ ಅನುಸರಿಸುತ್ತ ಒಂದೇ ಸಾಲಾಗಿ ಸಾಗುವ ಪದ್ಧತಿಯೊಂದು ಈಚೆಗೆ ರೂಪುಗೊಂಡಿದೆ. 2016ರ ಏಪ್ರಿಲಿನಲ್ಲಿ ಯೂರೋಪಿನ ಹಲವೆಡೆಗಳಿಂದ ಹೊರಟ ಇಂತಹ ಲಾರಿಸಾಲುಗಳು ರಾಟರ್‌ಡ್ಯಾಮನ್ನು ತಲಪಿದವು. ಇವುಗಳ ಗುಣದೋಷಗಳನ್ನು ವಿದ್ವಾಂಸರು ಗಣಕಯಂತ್ರದಲ್ಲಿ ಕೃತಕ ರಸ್ತೆಯನ್ನು ರಚಿಸಿ ಪರೀಕ್ಷಿಸುತ್ತಾರೆ. ಜರ್ಮನಿಯ ಸುಮೊ, ವಿಸ್ಸಿಮ್ ಎಂಬ ತಂತ್ರಾಂಶಗಳು ಇದಕ್ಕೆ ಬಳಕೆಯಲ್ಲಿವೆ. ವಿಷಯವು ನೂತನವಾದರೂ ಅದರ ಮೂಲಪ್ರಶ್ನೆ ಪುರಾತನವಾದುದು. ಮಂಡ್ಯ ಸೀಮೆಯ ಇತಿಹಾಸದಿಂದ ಅದನ್ನು ಇಲ್ಲಿ ಪರಿಶೀಲಿಸುತ್ತೇವೆ.

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಅರಕೆರೆಯ ಬಳಿ ಜಯಗಳಿಸಿಯೂ ಶ್ರೀರಂಗಪಟ್ಟಣವನ್ನು ಮುತ್ತಲಾರದೆ ಹಿಂದಿರುಗಿದನು. ಎಳೆಯುವ ಎತ್ತುಗಳು ಸತ್ತುದರಿಂದ ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಬೇಕಾಯಿತು. 1799ರಲ್ಲಿ ಹ್ಯಾರಿಸನ ಸೈನ್ಯದೊಡನೆಯೂ ಲಂಬಾಣಿಗರ ಧಾನ್ಯದ ಎತ್ತುಗಳ ದೀರ್ಘವಾದ ಸಾಲಿದ್ದಿತು. ಟಿಪ್ಪುವು ಚನ್ನಪಟ್ಟಣದ ದಾರಿಯ ಮೇವನ್ನು ಸುಡಿಸಿದ್ದನು. ಹ್ಯಾರಿಸನು ಕಾನಕಾನಹಳ್ಳಿಯ ದಾರಿಯನ್ನು ಹಿಡಿದನು. ಟಿಪ್ಪುವು ಮದ್ದೂರು ಹೊಳೆಯ ದಂಡೆಯಲ್ಲಿ ಅವನನ್ನು ತಡೆಯದೆ, ಮಾರ್ಚ್ 27ರಂದು ಮಳವಳ್ಳಿಯಲ್ಲಿ ಎದುರಿಸಿ ಸೋತನು. ಅನಂತರ ಸೋಸಲೆಯ ಬಳಿ ಕಾವೇರಿಯನ್ನು ದಾಟಿದ ಆಂಗ್ಲಸೈನ್ಯವು ಶ್ರೀರಂಗಪಟ್ಟಣದ ಮುಂದೆ ಬೀಡುಬಿಟ್ಟದ್ದು ಏಪ್ರಿಲ್ 5ರಂದು. ಮಳವಳ್ಳಿಯಿಂದ ಅಲ್ಲಿಗೆ ಒಂಬತ್ತು ದಿನ ಹಿಡಿಯಿತು. ಸಾಲಿನ ಗತಿಯನ್ನು ನಿರ್ಣಯಿಸುವುದು ಅದರ ಅತಿ ದುರ್ಬಲವಾದ ಎತ್ತು, ಹಾಗೂ ದಾರಿಯ ಮೇವು ಮತ್ತು ಹೊಳೆಗಳೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸೈನ್ಯದ ಸಾಲುಗಳು ಮರೆಯಾದ ಮೇಲೆ ಈ ಸೀಮೆಯಲ್ಲಿ ಬೇರೊಂದು ಸಾಲು ಹುಟ್ಟಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾದಂದಿನಿಂದ ಕಬ್ಬಿನ ಗಾಡಿಗಳು, ಮುಂದೆ ಟ್ರಾಕ್ಟರುಗಳು, ಕಾರ್ಖಾನೆಯತ್ತ ಸಾಲುಗಟ್ಟಿದವು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ಟ್ರಾಕ್ಟರು, ಎತ್ತಿನಗಾಡಿ, ಬೈಸಿಕಲ್ಲುಗಳ ಪ್ರವೇಶವನ್ನು ನಿಷೇಧಿಸಲಾಯಿತು. ಅವು ಸರ್ವಿಸ್ ರಸ್ತೆಗೆ ಸರಿದವು.

ಇಲ್ಲಿಯೇ ಗಣಕಪ್ರಯೋಗದ ಪರೀಕ್ಷೆಯಿದೆ. ಲಾರಿಗಳು ಒತ್ತಾಗಿ ಸಾಗಿದಾಗ ಗಾಳಿಯ ತಡೆ ತಗ್ಗಿ ಇಂಧನವು ಉಳಿಯುವುದು ನಿಜ. ಆದರೆ ಸಾಲು ನೀಳವಾದಷ್ಟೂ ಪಕ್ಕದ ದಾರಿಯಿಂದ ಬಂದು ಸೇರುವ ವಾಹನಗಳಿಗೆ ಎಡೆಯು ಕಿರಿದಾಗುತ್ತದೆ. ಮುಖ್ಯಪಥವನ್ನಷ್ಟೇ ಗಣಕಕ್ಕೆ ಒಪ್ಪಿಸಿ ಫಲವನ್ನು ಪಡೆದರೆ, ಮದ್ದೂರು ಮಂಡ್ಯಗಳ ಕಬ್ಬಿನ ಗಾಡಿಯು ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ. ಆಗ ಒಬ್ಬರ ಉಳಿತಾಯವು ಇನ್ನೊಬ್ಬರ ವಿಳಂಬವಾಗಿ ಪರಿಣಮಿಸಿದರೂ ಫಲಿತಾಂಶದಲ್ಲಿ ಅದು ಕಾಣದು. ಮೇವನ್ನೂ ಹೊಳೆಯನ್ನೂ ಗಣಿಸದೆ ದಂಡಯಾತ್ರೆಯನ್ನು ವಿವರಿಸುವುದು ಇತಿಹಾಸಕಾರನಿಗೆ ಹೇಗೆ ಸಾಧ್ಯವಿಲ್ಲವೋ, ಹಾಗೆಯೇ ನಿಧಾನವಾಗಿ ಸಾಗುವವರನ್ನು ಗಣಿಸದೆ ರಸ್ತೆಯ ಸತ್ಯವನ್ನು ನಿರೂಪಿಸುವುದು ಗಣಕಕ್ಕೂ ಸಾಧ್ಯವಿಲ್ಲವೆಂದು ನಾವು ಭಾವಿಸುತ್ತೇವೆ.